ಕಾಂಕ್ರೀಟ್ ಅಡುಗೆಕಟ್ಟೆ: ಗಟ್ಟಿತನಕ್ಕಿಂತ ಮೊದಲು ಹುಳಿಯ ಲೆಕ್ಕ

"ಕಾಂಕ್ರೀಟ್ ಅಲ್ವಾ ಸಾರ್, ಸೇತುವೆ ಕಟ್ಟೋ ಮಾಲು. ಇದಕ್ಕೇನಾಗತ್ತೆ?" ಅಡುಗೆಕಟ್ಟೆಗೆ ಕಾಂಕ್ರೀಟ್ ಬೇಕೆಂದು ಬರುವವರ ಮೊದಲ ಮಾತು ಇದು. ಸೇತುವೆ ತಡೆಯಬೇಕಾದ್ದು ಭಾರವನ್ನು. ಅಡುಗೆಕಟ್ಟೆ ತಡೆಯಬೇಕಾದ್ದು ಹುಳಿಯನ್ನು. ಹುಣಸೆಹಣ್ಣು, ನಿಂಬೆಹಣ್ಣು, ಟೊಮೆಟೊ, ಮೊಸರು ಇಲ್ಲದ ಅಡುಗೆಮನೆ ನಮ್ಮಲ್ಲಿ ಎಲ್ಲಿದೆ?

ಸಿಮೆಂಟು ಗಟ್ಟಿಯಾಗುವಾಗ ಅದರೊಳಗೆ ಸುಣ್ಣ ಹುಟ್ಟುತ್ತದೆ. ಹುಳಿ ತಾಗಿದರೆ ಆ ಸುಣ್ಣ ಕರಗುತ್ತದೆ. ಲೇಪವಿಲ್ಲದ ಬರೀ ಕಟ್ಟೆಯ ಮೇಲೆ ರಾತ್ರಿ ಮರೆತ ನಿಂಬೆ ಹೋಳನ್ನು ಬೆಳಿಗ್ಗೆ ಎತ್ತಿ ನೋಡಿ: ಹೋಳಿನ ಅಳತೆಯದೇ ಒಂದು ಬೆಳ್ಳನೆ ವೃತ್ತ, ಹೊಳಪು ಹೋಗಿರುತ್ತದೆ, ಬೆರಳಾಡಿಸಿದರೆ ಮರಳುಕಾಗದದಂತೆ ತರಿತರಿ. ಇದನ್ನು ಎಲ್ಲರೂ ಕಲೆ ಅನ್ನುತ್ತಾರೆ. ಕಲೆಯಲ್ಲ. ಕಲೆ ಎಂದರೆ ಹೊರಗಿನದು ಒಳಗಿಳಿದು ಕೂತದ್ದು. ಇಲ್ಲಿ ಮೇಲ್ಮೈಯೇ ಒಂದಿಷ್ಟು ಕರಗಿಹೋಗಿದೆ. ಸೋಪು ಹಾಕಿ ಉಜ್ಜಿದರೆ ಹೋಗದು, ಗಟ್ಟಿಯಾಗಿ ಉಜ್ಜಿದರೆ ಸುತ್ತಲಿನ ಹೊಳಪೂ ಹೋಗುತ್ತದೆ.

ಈ ವ್ಯತ್ಯಾಸ ತಿಳಿಯದೆ ಸೀಲರ್, ಅಂದರೆ ಕಟ್ಟೆಯನ್ನು ಕಾಯಲು ಹಚ್ಚುವ ಲೇಪ, ಆರಿಸಲಾಗದು. ಒಳಗೆ ಇಂಗುವ ಸಿಲೇನ್, ಸಿಲೋಕ್ಸೇನ್ ಬಗೆಯವು ನೀರು ಹೀರುವುದನ್ನು ತಡೆಯುತ್ತವೆ, ಬಿಸಿ ಪಾತ್ರೆಗೂ ಜಗ್ಗುವುದಿಲ್ಲ. ಆದರೆ ಹುಳಿಯನ್ನು ತಡೆಯುವುದಿಲ್ಲ. "ಸೀಲರ್ ಹಾಕಿಸಿದ್ದೆವಲ್ಲ" ಎಂಬ ದೂರು ಹೆಚ್ಚಾಗಿ ಇಲ್ಲೇ ಹುಟ್ಟುತ್ತದೆ. ಮೇಲೆ ಪದರವಾಗಿ ಕೂರುವ ಎಪಾಕ್ಸಿ, ಪಾಲಿಯುರೆಥೇನ್ ಹುಳಿಯನ್ನು ಬಹುಮಟ್ಟಿಗೆ ತಡೆಯುತ್ತವೆ. ಆದರೆ ಒಲೆಯಿಂದಿಳಿಸಿದ ಬಾಣಲೆಯನ್ನು ನೇರ ಇಟ್ಟರೆ ಪದರ ಹಾಳಾಗಬಹುದು, ಚಾಕುವಿನ ಗೀರೂ ಬೀಳುತ್ತದೆ. ಕಿಟಕಿಯ ಬಿಸಿಲು ಬೀಳುವ ಕಡೆ ಎಪಾಕ್ಸಿ ಹಳದಿಗಟ್ಟುತ್ತದೆ. ದಿನಾ ಅಡುಗೆಯಾಗುವ ಮನೆಗೆ ನನ್ನ ಸಲಹೆ, ಬಿಸಿಲಿಗೆ ಹಳದಿಯಾಗದ, ಎರಡು ಭಾಗ ಬೆರೆಸುವ ಪಾಲಿಯುರೆಥೇನ್. ಜೊತೆಗೆ ಕುಕ್ಕರಿಗೊಂದು ಸ್ಟ್ಯಾಂಡು, ಹೆಚ್ಚಲು ಒಂದು ಮಣೆ.

ನನ್ನ ಮಾತನ್ನೂ ಹಾಗೇ ನಂಬಬೇಡಿ. ಮುಂಗಡ ಕೊಡುವ ಮೊದಲು ಅದೇ ಮಿಶ್ರಣ, ಅದೇ ಸೀಲರ್ ಇರುವ ಒಂದಡಿ ಚದರದ ಬಿಲ್ಲೆ ಕೇಳಿ ಪಡೆಯಿರಿ. ನಿಂಬೆ ಹೋಳು, ನೆನೆಸಿದ ಹುಣಸೆ, ಅರಿಶಿನ ಕಲಸಿದ ಎಣ್ಣೆ ಇಟ್ಟು 15 ನಿಮಿಷದ ಬಳಿಕ ಒಮ್ಮೆ, 1 ಗಂಟೆಯ ಬಳಿಕ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಒರೆಸಿ ನೋಡಿ. ಬಿಲ್ಲೆ ಕೊಡಲು ಹಿಂಜರಿಯುವವರ ಹತ್ತಿರ ಕೆಲಸ ಮಾಡಿಸಬೇಡಿ.

ತೂಕದ ಮಾತು ಬೇಗ ಮುಗಿಸುತ್ತೇನೆ. 40 ಮಿ.ಮೀ. ದಪ್ಪದ ಕಟ್ಟೆ ಚದರಡಿಗೆ ಸುಮಾರು 9 ಕೆ.ಜಿ.; 8 ಅಡಿ ಉದ್ದ, 2 ಅಡಿ ಅಗಲಕ್ಕೆ 140 ಕೆ.ಜಿ. ದಾಟುತ್ತದೆ. 20 ಮಿ.ಮೀ. ಗ್ರಾನೈಟಿಗೆಂದು ಮಾಡಿಸಿದ ಕ್ಯಾಬಿನೆಟ್ಟು ಇದನ್ನು ಹೊರುತ್ತದೆಯೇ ಎಂದು ಬಡಗಿಯನ್ನು ಮೊದಲೇ ಕೇಳಿ. ಸಿಂಕಿನ ತೂತಿನ ಮೂಲೆಗಳು ಗುಂಡಗಿರಲಿ, ಬಿರುಕು ಹೊರಡುವುದು ಚೂಪು ಮೂಲೆಯಿಂದಲೇ.

ಇನ್ನು ಗೃಹಪ್ರವೇಶದ ಅವಸರ. ಎರಕ ಹೊಯ್ದ ಮೇಲೆ 7 ದಿನ ತೇವದಲ್ಲಿಟ್ಟು, ಪದರದ ಸೀಲರಿಗೆ ಸಾಮಾನ್ಯವಾಗಿ 28 ದಿನ ಕಾಯುತ್ತೇವೆ. ಕೆಲವು ವಿಶೇಷ ಮಿಶ್ರಣಗಳಿಗೆ ಕಡಿಮೆ ಸಾಕು, ಡಬ್ಬದ ಮೇಲಿನ ಸೂಚನೆಯೇ ಪ್ರಮಾಣ. ಒಳಗೆ ತೇವವಿರುವಾಗಲೇ ಹಚ್ಚಿದರೆ ಪದರ ಬೆಳ್ಳಗಾಗಿ ಮಂಜುಗಟ್ಟಿ ಸುಲಿದು ಬರುತ್ತದೆ. ಆಮೇಲೆ ಇಡೀ ಕಟ್ಟೆ ಉಜ್ಜಿ ತೆಗೆದು ಮತ್ತೆ ಶುರು. ಮುಹೂರ್ತ ಹತ್ತಿರವಿದ್ದರೆ ಅಂದು ಹಾಲುಕ್ಕಿಸಲು ಬೇರೆ ಒಲೆ, ಬೇರೆ ಜಾಗ ಮಾಡಿಕೊಳ್ಳಿ.

ಬಳಸಲು ತೊಡಗಿದ ಮೇಲೆ ತಿಂಗಳಿಗೊಮ್ಮೆ ಸಿಂಕಿನ ಪಕ್ಕ ಒಂದು ಚಮಚ ನೀರು ಹಾಕಿ 10 ನಿಮಿಷ ಬಿಡಿ. ಒರೆಸಿದ ಮೇಲೆ ಆ ಜಾಗ ಕಪ್ಪಾಗಿ ಕಂಡರೆ ಅಲ್ಲಿ ಸೀಲರ್ ಸವೆದಿದೆ. ಮುಂದಿನ ಹುಣಸೆ ನೀರು ಚೆಲ್ಲುವ ಮೊದಲೇ ಮಾಡಿಕೊಟ್ಟವರಿಗೆ ಫೋನ್ ಮಾಡಿ.