ಮ್ಯೂನಿಕ್ ನಗರದ ಸ್ವಂತ ವಿದ್ಯುತ್ ಯೋಜನೆ: ಲೆಕ್ಕವನ್ನು ಓದುವುದು ಹೇಗೆ?

ಜರ್ಮನಿಯ ಮ್ಯೂನಿಕ್ ನಗರ 2009ರಲ್ಲಿ ಒಂದು ಗುರಿ ಹಾಕಿಕೊಂಡಿತು. 2025ರ ಹೊತ್ತಿಗೆ ಇಡೀ ನಗರ ಒಂದು ವರ್ಷದಲ್ಲಿ ಬಳಸುವಷ್ಟು ವಿದ್ಯುತ್ತನ್ನು ನಗರದ ಸ್ವಂತ ನವೀಕರಿಸಬಹುದಾದ ಸ್ಥಾವರಗಳಿಂದಲೇ ಉತ್ಪಾದಿಸಬೇಕು. ಮನೆಗಳು ಮಾತ್ರವಲ್ಲ, ಕಾರ್ಖಾನೆ, ಮೆಟ್ರೊ, ಟ್ರಾಮ್ ಎಲ್ಲವೂ ಈ ಲೆಕ್ಕದೊಳಗೆ. ಇದರ ಹೊಣೆ ಬಿದ್ದದ್ದು ‘ಸ್ಟಾಟ್‌ವೆರ್ಕೆ ಮ್ಯೂನ್‌ಶೆನ್’ ಎಂಬ ಕಂಪನಿಯ ಮೇಲೆ. ಅದರ ಪೂರ್ತಿ ಒಡೆತನ ನಗರದ್ದೇ. ವಿದ್ಯುತ್ ಅಲ್ಲದೆ ನೀರು, ಅನಿಲ, ಬಿಸಿನೀರಿನ ಕೊಳವೆ ಜಾಲ, ನಗರ ಸಾರಿಗೆ ಕೂಡ ಅದರ ಕೈಯಲ್ಲಿವೆ. ಈ ಟಿಪ್ಪಣಿಯಲ್ಲಿ ಮುಂದೆ ‘ನಗರ ಕಂಪನಿ’ ಎಂದರೆ ಇದೇ.

ನಗರಗಳ ಇಂಧನ ಯೋಜನೆ ಓದುವವರಿಗೆ ಮ್ಯೂನಿಕ್‌ನಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ ಎಂದು ನನ್ನ ಅನಿಸಿಕೆ. ಗುರಿ ದೊಡ್ಡದು, ಹಣ ನಿಜವಾಗಿ ಖರ್ಚಾಗಿದೆ, ಎಡವಿದ ಜಾಗಗಳೂ ಬಯಲಿನಲ್ಲೇ ಇವೆ. ಓದುವಾಗ ಒಂದು ವಿಷಯ ನೆನಪಿರಲಿ: ವರ್ಷದ ಲೆಕ್ಕ ಸರಿಹೋಗುವುದು ಬೇರೆ, ಪ್ರತಿ ಗಂಟೆಯ ಲೆಕ್ಕ ಸರಿಹೋಗುವುದು ಬೇರೆ. ಮ್ಯೂನಿಕ್ ಮಾತು ಕೊಟ್ಟದ್ದು ಮೊದಲನೆಯದಕ್ಕೆ ಮಾತ್ರ.

ಮೊದಲು ಮೆಗಾವ್ಯಾಟ್, ಆಮೇಲೆ ಯೂನಿಟ್

ನಗರದ ವಾರ್ಷಿಕ ಬಳಕೆ ಸುಮಾರು 700 ಕೋಟಿ ಯೂನಿಟ್. ವರ್ಷಕ್ಕೆ 8,760 ಗಂಟೆ. ಭಾಗಿಸಿ ನೋಡಿದರೆ ಹಗಲು ರಾತ್ರಿ ಸೇರಿ ಸರಾಸರಿ ಬೇಡಿಕೆ ಸುಮಾರು 800 ಮೆಗಾವ್ಯಾಟ್ ಬರುತ್ತದೆ. ಹಾಗಾದರೆ 800 ಮೆಗಾವ್ಯಾಟ್‌ನ ಸೌರಫಲಕ ಹಾಕಿದರೆ ಮುಗಿಯಿತಲ್ಲ ಎಂದು ತೋರುವುದು ಸಹಜ. ಆದರೆ ಸ್ಥಾಪಿತ ಸಾಮರ್ಥ್ಯ ಎಂದರೆ ಸ್ಥಾವರ ಪೂರ್ಣ ಬಲದಲ್ಲಿ ನಡೆದಾಗ ಕೊಡುವ ವಿದ್ಯುತ್. ವರ್ಷವಿಡೀ ಪೂರ್ಣ ಬಲದಲ್ಲಿ ಯಾವ ಸ್ಥಾವರವೂ ನಡೆಯುವುದಿಲ್ಲ, ಸೌರಫಲಕವಂತೂ ದೂರದ ಮಾತು.

ಮ್ಯೂನಿಕ್‌ನ ಬಿಸಿಲಿಗೆ 1 ಕಿಲೋವ್ಯಾಟ್ ಫಲಕ ವರ್ಷಕ್ಕೆ ಕೊಡುವುದು ಹೆಚ್ಚುಕಡಿಮೆ 1,000 ಯೂನಿಟ್. 700 ಕೋಟಿ ಯೂನಿಟ್ ಪೂರ್ತಿ ಸೂರ್ಯನಿಂದಲೇ ಬರಬೇಕೆಂದರೆ 7,000 ಮೆಗಾವ್ಯಾಟ್ ಫಲಕ ಬೇಕು. ಒಂದು ಕಿಲೋವ್ಯಾಟ್‌ಗೆ 5 ಚದರ ಮೀಟರ್ ಎಂದು ಹಿಡಿಯೋಣ. ಒಟ್ಟು 35 ಚದರ ಕಿಲೋಮೀಟರ್ ಫಲಕ. ನಗರದ ವಿಸ್ತೀರ್ಣವೇ ಸುಮಾರು 310 ಚದರ ಕಿಲೋಮೀಟರ್. ಅಂದರೆ ರಸ್ತೆ, ಉದ್ಯಾನ, ನದಿ ಎಲ್ಲ ಸೇರಿದ ಒಟ್ಟು ನೆಲದ ಒಂಬತ್ತನೇ ಒಂದು ಪಾಲಿನಷ್ಟು ಜಾಗಕ್ಕೆ ಫಲಕ ಹೊದಿಸಬೇಕು. ಉತ್ತರಕ್ಕೆ ವಾಲಿದ ಛಾವಣಿ, ಮರದ ನೆರಳು ಬೀಳುವ ಛಾವಣಿ, ಪಾರಂಪರಿಕ ಕಟ್ಟಡಗಳ ಛಾವಣಿ, ಇವನ್ನೆಲ್ಲ ಕಳೆದರೆ ಉಳಿಯುವುದು ಎಷ್ಟು? ಅದೂ ಸಾಲದೆಂಬಂತೆ, ಜೂನ್‌ನಲ್ಲಿ ಬರುವ ಸೌರ ವಿದ್ಯುತ್ತಿನ ಕಾಲು ಭಾಗ ಡಿಸೆಂಬರ್‌ನಲ್ಲಿ ಸಿಕ್ಕರೆ ಹೆಚ್ಚು.

ಈ ಒಂದು ಲೆಕ್ಕವನ್ನು ನೀವೇ ಕಾಗದದ ಮೇಲೆ ಹಾಕಿ ನೋಡಿ. ಯಾವ ನಗರದ ಯೋಜನೆ ಕೈಗೆ ಬಂದರೂ ಮೊದಲು ಇದನ್ನೇ ಮಾಡಬೇಕು. ನಗರ ಎಂದರೆ ಕಡಿಮೆ ನೆಲದಲ್ಲಿ ಹೆಚ್ಚು ಬೇಡಿಕೆ. ನವೀಕರಿಸಬಹುದಾದ ಇಂಧನದ ಸ್ವಭಾವ ಇದಕ್ಕೆ ತದ್ವಿರುದ್ಧ, ಅದು ವಿಶಾಲವಾದ ಜಾಗದಲ್ಲಿ ತೆಳ್ಳಗೆ ಹರಡಿಕೊಂಡಿರುತ್ತದೆ.

ನಗರದ ಗಡಿಯೊಳಗೆ ಸಿಕ್ಕಿದ್ದು

ಫ್ರೊಟ್‌ಮಾನಿಂಗ್‌ನಲ್ಲಿ, ಫುಟ್‌ಬಾಲ್ ಕ್ರೀಡಾಂಗಣದ ಹತ್ತಿರ, ಹಳೆಯ ಕಸದ ಗುಡ್ಡವೊಂದಿದೆ. ಅದರ ನೆತ್ತಿಯ ಮೇಲೆ 1999ರಿಂದ 1.5 ಮೆಗಾವ್ಯಾಟ್‌ನ ಗಾಳಿಯಂತ್ರವೊಂದು ತಿರುಗುತ್ತಿದೆ. ಪೂರ್ಣ ಬಲದ ಶೇ 20ರಷ್ಟು ಎಂದು ಹಿಡಿದರೆ ಅದು ವರ್ಷಕ್ಕೆ ಸುಮಾರು 26 ಲಕ್ಷ ಯೂನಿಟ್ ಕೊಟ್ಟೀತು. 700 ಕೋಟಿಯ ಮುಂದೆ 26 ಲಕ್ಷ!

ಈಸಾರ್ ನದಿಯ ಪ್ರಾಟರ್ ಜಲವಿದ್ಯುತ್ ಸ್ಥಾವರ ನನಗೆ ತುಂಬ ಇಷ್ಟವಾದ ಉದಾಹರಣೆ. 2010ರಲ್ಲಿ ಶುರುವಾದ ಇದು ಊರ ನಡುವೆ, ಜನ ಅಡ್ಡಾಡುವ ಹಸಿರು ದಂಡೆಯ ಪಕ್ಕದಲ್ಲೇ ಇದೆ. ಆ ಪರಿಸರ ಕೆಡಬಾರದೆಂದು ಟರ್ಬೈನನ್ನು ನೆಲದಡಿ ಇಳಿಸಿದ್ದಾರೆ, ದಂಡೆಯ ಮೇಲೆ ನಿಂತವರಿಗೆ ವಿದ್ಯುದಾಗಾರ ಕಾಣುವುದೇ ಇಲ್ಲ. ಸಾಮರ್ಥ್ಯ 2.5 ಮೆಗಾವ್ಯಾಟ್, ವರ್ಷಕ್ಕೆ ಸುಮಾರು 1 ಕೋಟಿ ಯೂನಿಟ್. ಸ್ಥಾಪಿತ ಸಾಮರ್ಥ್ಯದ ಶೇ 46ರಷ್ಟು ಬಳಕೆಯಾದಂತಾಯಿತು. ನದಿ ರಾತ್ರಿಯೂ ಹರಿಯುತ್ತದೆ, ಅದಕ್ಕೇ ಈ ಅಂಕಿ ಇಷ್ಟು ಚೆನ್ನಾಗಿದೆ. ಇಷ್ಟು ಅಚ್ಚುಕಟ್ಟಾದ ಕೆಲಸ ನಗರದ ಬೇಡಿಕೆಯ 700ನೇ ಒಂದು ಭಾಗವನ್ನು ಪೂರೈಸುತ್ತದೆ. ಇಂಥ 700 ಸ್ಥಾವರ ಕಟ್ಟಲು ಈಸಾರ್‌ನಲ್ಲಿ ಜಾಗವಿಲ್ಲ.

ಹಾಗಾದರೆ ನಗರದ ಹೊರಗೆ, ಬವೇರಿಯಾ ರಾಜ್ಯದ ಹೊಲಗಳಲ್ಲಿ ಗಾಳಿಯಂತ್ರ ನೆಡಬಹುದಿತ್ತಲ್ಲವೇ? ಇಲ್ಲಿ ಕಾನೂನು ಅಡ್ಡ ಬಂತು. 2014ರಲ್ಲಿ ಬವೇರಿಯಾ ಹೊಸ ನಿಯಮ ತಂದಿತು: ಗಾಳಿಯಂತ್ರದ ಎತ್ತರ ಎಷ್ಟೋ ಅದರ ಹತ್ತು ಪಟ್ಟು ದೂರದೊಳಗೆ ವಸತಿ ಇರಬಾರದು. 200 ಮೀಟರ್ ಎತ್ತರದ ಯಂತ್ರವೆಂದರೆ 2 ಕಿಲೋಮೀಟರ್. ಹಳ್ಳಿಗಳು ಒತ್ತೊತ್ತಾಗಿರುವ ಸೀಮೆಯಲ್ಲಿ ಹೀಗೆ ವೃತ್ತ ಎಳೆಯುತ್ತ ಹೋದರೆ ನಕ್ಷೆಯಲ್ಲಿ ಖಾಲಿ ಜಾಗವೇ ಉಳಿಯುವುದಿಲ್ಲ. 2022ರಲ್ಲಿ ನಿಯಮ ಸಡಿಲವಾಯಿತು, ಆದರೆ ಅಷ್ಟರಲ್ಲಿ ಎಂಟು ವರ್ಷ ಕಳೆದುಹೋಗಿತ್ತು. ನಗರವೊಂದರ ಇಂಧನ ಯೋಜನೆಯ ಹಣೆಬರಹವನ್ನು ಬರೆಯುವುದು ಎಷ್ಟೋ ಸಲ ನಗರಸಭೆಯಲ್ಲ, ರಾಜ್ಯದ ಶಾಸನಸಭೆ.

ಸಮುದ್ರಕ್ಕೆ ಹೋದ ನಗರ

ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಮ್ಯೂನಿಕ್ ತನ್ನ ಹಣವನ್ನು ಸಮುದ್ರದಲ್ಲಿ ಹೂಡಿತು. ಇಡೀ ಯೋಜನೆಗೆ ಸುಮಾರು 900 ಕೋಟಿ ಯೂರೊ ತೆಗೆದಿಟ್ಟ ನಗರ ಕಂಪನಿ, ಉತ್ತರ ಸಮುದ್ರದಲ್ಲಿ ತಲಾ 288 ಮೆಗಾವ್ಯಾಟ್‌ನ ಡಾನ್‌ಟಿಸ್ಕ್ ಮತ್ತು ಸ್ಯಾಂಡ್‌ಬ್ಯಾಂಕ್ ಪವನ ಸ್ಥಾವರಗಳಲ್ಲಿ ಶೇ 49ರಷ್ಟು ಪಾಲು ಪಡೆಯಿತು. ಉಳಿದದ್ದು ಸ್ವೀಡನ್ನಿನ ವಾಟೆನ್‌ಫಾಲ್ ಕಂಪನಿಯದು. ವೇಲ್ಸ್ ಕರಾವಳಿಯಾಚೆಯ 576 ಮೆಗಾವ್ಯಾಟ್‌ನ ‘ಗ್ವಿಂಟ್ ಇ ಮೋರ್’ನಲ್ಲಿ ಶೇ 30 ಪಾಲು. ದಕ್ಷಿಣ ಸ್ಪೇನಿನಲ್ಲಿ ಕನ್ನಡಿಗಳಿಂದ ಬಿಸಿಲು ಕೂಡಿಸಿ ಉಗಿ ಎಬ್ಬಿಸುವ ‘ಅಂಡಸೋಲ್ 3’ ಸ್ಥಾವರದಲ್ಲೂ ಅರ್ಧದಷ್ಟು ಪಾಲಿದೆ.

ಸಮುದ್ರದ ಗಾಳಿ ನೆಲದ ಗಾಳಿಗಿಂತ ಬಲವಾಗಿ, ಹೆಚ್ಚು ಹೊತ್ತು ಬೀಸುತ್ತದೆ. ಸಾಮರ್ಥ್ಯದ ಶೇ 40ರಷ್ಟು ಬಳಕೆ ಎಂದು ಹಿಡಿದರೆ ಡಾನ್‌ಟಿಸ್ಕ್ ಮತ್ತು ಸ್ಯಾಂಡ್‌ಬ್ಯಾಂಕ್‌ನಿಂದ ಮ್ಯೂನಿಕ್ ಪಾಲಿಗೆ ವರ್ಷಕ್ಕೆ ಸುಮಾರು 100 ಕೋಟಿ ಯೂನಿಟ್, ಗ್ವಿಂಟ್ ಇ ಮೋರ್‌ನಿಂದ 60 ಕೋಟಿ. ಮೂರೇ ಸ್ಥಾವರಗಳ ಪಾಲಿನಲ್ಲಿ ನಗರದ ಬೇಡಿಕೆಯ ಐದನೇ ಒಂದು ಭಾಗಕ್ಕೂ ಹೆಚ್ಚು ಬಂತು. ಕಸದ ಗುಡ್ಡದ ಒಂಟಿ ಯಂತ್ರದ ಪಕ್ಕದಲ್ಲಿ ಈ ಅಂಕಿಗಳನ್ನು ಇಟ್ಟು ನೋಡಿದರೆ ನಗರ ಏಕೆ ಈ ದಾರಿ ಹಿಡಿಯಿತೆಂದು ಬೇರೆ ವಿವರಣೆ ಬೇಕಿಲ್ಲ.

ಆದರೆ ವೇಲ್ಸ್‌ನಲ್ಲಿ ತಯಾರಾದ ವಿದ್ಯುತ್ ಬ್ರಿಟನ್ನಿನ ಗ್ರಿಡ್‌ಗೆ ಹೋಗುತ್ತದೆ, ಸ್ಪೇನಿನದು ಸ್ಪೇನಿನ ಗ್ರಿಡ್‌ಗೆ. ಮ್ಯೂನಿಕ್‌ನ ಟ್ರಾಮ್ ಓಡುವುದು ಅದರಿಂದಲ್ಲ. ಇದನ್ನು ಮೋಸ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಗರದ ಹಣ ಸೇರಿದ್ದರಿಂದ ಹೊಸ ಯಂತ್ರಗಳು ನಿಂತವು, ಯಾವುದೋ ಒಂದು ಗ್ರಿಡ್‌ನಲ್ಲಿ ಅಷ್ಟು ಕಲ್ಲಿದ್ದಲು ಅಥವಾ ಅನಿಲ ಉಳಿಯಿತು. ಹವಾಮಾನಕ್ಕೆ ದೇಶದ ಗಡಿ ಗೊತ್ತಿಲ್ಲ. ಆ ದೃಷ್ಟಿಯಿಂದ ಲೆಕ್ಕ ಪ್ರಾಮಾಣಿಕವಾಗಿಯೇ ಇದೆ.

ಇದನ್ನು ಅಮೆರಿಕದ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಜೊತೆ ಹೋಲಿಸಿ. ಆ ಪುಟ್ಟ ನಗರದ ವಿದ್ಯುತ್ ಇಲಾಖೆ 2014ರಲ್ಲಿ ವಿನೂಸ್ಕಿ ನದಿಯ 7.4 ಮೆಗಾವ್ಯಾಟ್ ಜಲವಿದ್ಯುತ್ ಸ್ಥಾವರವನ್ನು ಕೊಂಡು, ತನ್ನ ಪೂರೈಕೆ ಪೂರ್ತಿ ನವೀಕರಿಸಬಹುದಾದದ್ದು ಎಂದು ಸಾರಿತು. ಅದರ ದೊಡ್ಡ ಆಸರೆ 50 ಮೆಗಾವ್ಯಾಟ್‌ನ ಮೆಕ್‌ನೀಲ್ ಸ್ಥಾವರ; ಅಲ್ಲಿ ಉರಿಯುವುದು ಮರದ ಚಕ್ಕೆ. ಇಲ್ಲಿ ಗಮನಿಸಬೇಕಾದದ್ದು ಪ್ರಮಾಣಪತ್ರಗಳ ವ್ಯವಹಾರ. ಅಮೆರಿಕದಲ್ಲಿ ಹಸಿರು ವಿದ್ಯುತ್ತಿನ ಯೂನಿಟ್‌ಗಳ ಜೊತೆಗೆ ‘ಇದು ಹಸಿರು’ ಎಂಬ ಪ್ರಮಾಣಪತ್ರ ಹುಟ್ಟುತ್ತದೆ, ಅದನ್ನು ವಿದ್ಯುತ್ತಿನಿಂದ ಬೇರ್ಪಡಿಸಿ ಮಾರಬಹುದು. ಬರ್ಲಿಂಗ್ಟನ್ ತನ್ನ ದುಬಾರಿ ಪ್ರಮಾಣಪತ್ರಗಳನ್ನು ಮಾರಿ, ಅಗ್ಗದವನ್ನು ಕೊಂಡು, ಉಳಿದ ಹಣದಿಂದ ಗ್ರಾಹಕರ ಬಿಲ್ ಹಗುರ ಮಾಡುತ್ತದೆ. ನಿಯಮದ ಪ್ರಕಾರ ತಪ್ಪಿಲ್ಲ. ಆದರೆ ಶೇ 100 ಎಂಬ ಅಂಕಿಯ ಹಿಂದೆ ಸ್ವಂತ ಸ್ಥಾವರ ಎಷ್ಟು, ಕೊಂಡ ಕಾಗದ ಎಷ್ಟು ಎಂದು ಬಿಡಿಸಿ ನೋಡಲೇಬೇಕು. ಹಳೆಯ ಸ್ಥಾವರದ ಪ್ರಮಾಣಪತ್ರ ಕೊಂಡರೆ ಒಂದು ಹೊಸ ಯಂತ್ರವೂ ಏಳುವುದಿಲ್ಲ. ಮ್ಯೂನಿಕ್ ಈ ವಿಷಯದಲ್ಲಿ ಒಂದು ಮೆಟ್ಟಿಲು ಮೇಲಿದೆ.

ಒಡೆತನದ ಇನ್ನೊಂದು ಮಾದರಿ ಕೋಪನ್‌ಹೇಗನ್‌ನದು. ಬಂದರಿನಿಂದ ಕೆಲವೇ ಕಿಲೋಮೀಟರ್ ಆಚೆ, ಮಿಡ್ಡೆಲ್‌ಗ್ರುಂಡೆನ್‌ನಲ್ಲಿ 2000ದಲ್ಲಿ ನಿಂತ 20 ಯಂತ್ರಗಳು, ಒಟ್ಟು 40 ಮೆಗಾವ್ಯಾಟ್. ಹತ್ತು ಯಂತ್ರ ನಗರದ ವಿದ್ಯುತ್ ಸಂಸ್ಥೆಯವು, ಹತ್ತು ಸಾವಿರಾರು ಜನ ಷೇರು ಹಾಕಿ ಕಟ್ಟಿದ ಸಹಕಾರ ಸಂಘದವು. ಮೊದಲು ಮೂರು ಸಾಲುಗಳಲ್ಲಿ 27 ಯಂತ್ರ ನಿಲ್ಲಿಸುವ ಯೋಚನೆಯಿತ್ತು. ದಡದಿಂದ ನೋಡಲು ಚೆನ್ನಾಗಿರಲೆಂದು 20ಕ್ಕೆ ಇಳಿಸಿ ಒಂದೇ ಬಿಲ್ಲಿನಾಕಾರದ ಸಾಲಿನಲ್ಲಿ ನಿಲ್ಲಿಸಿದರು. ದಿನವೂ ಕಣ್ಣಿಗೆ ಬೀಳುವ ಯಂತ್ರದಲ್ಲಿ ಜನರ ದುಡ್ಡೂ ಇದ್ದರೆ ವಿರೋಧ ಹುಟ್ಟುವುದು ಕಡಿಮೆ.

ಗಂಟೆಯ ಲೆಕ್ಕ

ಈಗ ಕಷ್ಟದ ಭಾಗಕ್ಕೆ ಬರೋಣ. ವರ್ಷದ ಒಟ್ಟು ಮಳೆ ವಾಡಿಕೆಯಷ್ಟೇ ಆಗಿದೆ ಎಂದ ಮಾತ್ರಕ್ಕೆ ಪೈರು ಉಳಿಯುವುದಿಲ್ಲ, ತೆನೆ ಕಟ್ಟುವ ಹೊತ್ತಿಗೆ ಬೀಳಬೇಕು. ವಿದ್ಯುತ್ತೂ ಹಾಗೆಯೇ. ಜನವರಿಯ ಸಂಜೆ ಆರು ಗಂಟೆಗೆ ಮ್ಯೂನಿಕ್‌ನಲ್ಲಿ ಬಿಸಿಲಿಲ್ಲ, ಗಾಳಿಯೂ ನಿಂತಿದೆ ಎಂದಿಟ್ಟುಕೊಳ್ಳಿ. ದೀಪ, ಒಲೆ, ಟ್ರಾಮ್, ಕಾರ್ಖಾನೆ ಎಲ್ಲ ನಡೆಯುತ್ತಿವೆ. ವರ್ಷದ ಪಟ್ಟಿಯಲ್ಲಿ ಶೇ 100 ಎಂದು ಬರೆದಿದ್ದರೂ ಆ ಗಂಟೆಗೆ ವಿದ್ಯುತ್ ಬೇರೆ ಎಲ್ಲಿಂದಲೋ ಬರಬೇಕು.

ಉತ್ತರದಲ್ಲಿ ಗಾಳಿ ಇದ್ದರೂ ತಂತಿ ಬೇಕಲ್ಲ? ಉತ್ತರ ಜರ್ಮನಿಯ ಪವನ ವಿದ್ಯುತ್ತನ್ನು ದಕ್ಷಿಣಕ್ಕೆ ತರಲು ‘ಸುಡ್‌ಲಿಂಕ್’ ಎಂಬ ಸುಮಾರು 700 ಕಿಲೋಮೀಟರ್ ಉದ್ದದ ನೇರ ಪ್ರವಾಹದ ಮಾರ್ಗ ನಿಗದಿಯಾಯಿತು. 2022ಕ್ಕೆ ಮುಗಿಯಬೇಕಿತ್ತು. ಕಂಬಗಳ ವಿರುದ್ಧ ಜನ ಎದ್ದರು, ಅದರಲ್ಲೂ ಬವೇರಿಯಾದಲ್ಲಿ. 2015ರಲ್ಲಿ ಸರ್ಕಾರ ಕೇಬಲ್ಲನ್ನು ನೆಲದಡಿ ಹೂಳುವ ತೀರ್ಮಾನ ಮಾಡಿತು. ವಿನ್ಯಾಸ ಮತ್ತೆ ಮೊದಲಿನಿಂದ ಶುರು, ಗಡುವು 2028ಕ್ಕೆ ಹೋಯಿತು. ಅಲ್ಲಿಯವರೆಗೆ ಬಿರುಗಾಳಿಯ ದಿನಗಳಲ್ಲಿ ಉತ್ತರದ ಯಂತ್ರಗಳನ್ನು ತಡೆದು ನಿಲ್ಲಿಸಿ, ದಕ್ಷಿಣದ ಉಷ್ಣ ಸ್ಥಾವರಗಳನ್ನು ಹೊತ್ತಿಸುವ ಸ್ಥಿತಿ.

ಇದರ ಬಿಸಿ ಮ್ಯೂನಿಕ್‌ಗೆ ನೇರವಾಗಿ ತಟ್ಟಿದ್ದು ಕಲ್ಲಿದ್ದಲಿನ ವಿಷಯದಲ್ಲಿ. ನಗರದ ಉತ್ತರದ ಅಂಚಿಗಿರುವ, ನಗರ ಕಂಪನಿಯ ಸ್ಥಾವರದಲ್ಲಿ ಒಂದು ಕಲ್ಲಿದ್ದಲು ಘಟಕವಿತ್ತು. 2022ರ ಕೊನೆಯೊಳಗೆ ಅದನ್ನು ಮುಚ್ಚಬೇಕೆಂದು ನಾಗರಿಕರೇ ಜನಮತಗಣನೆಗೆ ಒತ್ತಾಯಿಸಿದರು. 2017ರ ನವೆಂಬರ್ 5ರಂದು ನಡೆದ ಮತದಾನದಲ್ಲಿ ಸುಮಾರು ಶೇ 60ರಷ್ಟು ಮಂದಿ ‘ಮುಚ್ಚಿ’ ಎಂದರು. ಆದರೆ ಗ್ರಿಡ್‌ನ ಸ್ಥಿರತೆಗೆ ಈ ಘಟಕ ಬೇಕೇ ಬೇಕು ಎಂದು ಜರ್ಮನಿಯ ಒಕ್ಕೂಟ ಸರ್ಕಾರದ ಜಾಲ ನಿಯಂತ್ರಣ ಸಂಸ್ಥೆ ಹೇಳಿತು; ಅಂದುಕೊಂಡ ಗಡುವಿಗೆ ಅದು ನಿಲ್ಲಲಿಲ್ಲ. ನಗರದ ಕಂಪನಿಗೆ ಶೇ 25 ಪಾಲಿದ್ದ ಈಸಾರ್ 2 ಪರಮಾಣು ಸ್ಥಾವರವೂ 2023ರ ಏಪ್ರಿಲ್ 15ರಂದು ಮುಚ್ಚಿತು. ಸಮುದ್ರದಲ್ಲಿ ಎಷ್ಟೇ ಯಂತ್ರಗಳಿದ್ದರೂ, ಪಕ್ಕದ ಸ್ಥಾವರವನ್ನು ಯಾವಾಗ ಆರಿಸಬಹುದು ಎಂಬುದನ್ನು ನಿರ್ಧರಿಸುವುದು ತಂತಿ ಮತ್ತು ಗಂಟೆ.

ಯೋಜನೆಯಲ್ಲಿ ನನಗೆ ಕೊರತೆ ಕಾಣುವುದು ಇಲ್ಲೇ. ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಗುರಿಯ ಜೊತೆಗೆ, ವರ್ಷದ ಎಷ್ಟು ಗಂಟೆಗಳಲ್ಲಿ ನಗರದ ಬೇಡಿಕೆಯನ್ನು ಹಸಿರು ವಿದ್ಯುತ್ತಿನಿಂದ ಪೂರೈಸುತ್ತೇವೆ ಎಂಬ ಗುರಿಯೂ ಇರಬೇಕಿತ್ತು. ಹಾಗಿದ್ದಿದ್ದರೆ ಸಂಗ್ರಹಣೆ ಮತ್ತು ಬೇಡಿಕೆ ನಿರ್ವಹಣೆಗೆ ಮೊದಲ ದಿನದಿಂದಲೇ ಹೆಚ್ಚಿನ ಹಣ ಸಿಗುತ್ತಿತ್ತು.

ನೆಲದ ಬಿಸಿ: ವಿದ್ಯುತ್ತೋ, ಶಾಖವೋ?

ಮ್ಯೂನಿಕ್‌ಗೆ ಪ್ರಕೃತಿ ಕೊಟ್ಟ ಒಂದು ವರವಿದೆ. ನಗರದ ಕೆಳಗೆ ಎರಡು ಮೂರು ಕಿಲೋಮೀಟರ್ ಆಳದ ಸುಣ್ಣಕಲ್ಲಿನ ಪದರದಲ್ಲಿ ಬಿಸಿನೀರಿದೆ. ದಕ್ಷಿಣಕ್ಕೆ ಹೋದಂತೆ ಪದರ ಇನ್ನೂ ಆಳಕ್ಕೆ ಇಳಿಯುತ್ತದೆ, ನೀರಿನ ಬಿಸಿಯೂ ಏರುತ್ತದೆ. ಜೌವರ್‌ಲಾಖ್‌ನಲ್ಲಿ 4 ಕಿಲೋಮೀಟರ್‌ಗೂ ಆಳದಿಂದ ಬರುವ ನೀರು ಸುಮಾರು 140 ಡಿಗ್ರಿ ಸೆಲ್ಸಿಯಸ್. ಅದರಿಂದ ವಿದ್ಯುತ್ತನ್ನೂ ಶಾಖವನ್ನೂ ತೆಗೆಯುತ್ತಾರೆ.

ಆದರೆ ಈ ಮಟ್ಟದ ಬಿಸಿಯಿಂದ ವಿದ್ಯುತ್ ಮಾಡಿದರೆ ಶಾಖದ ಹತ್ತರಲ್ಲೊಂದು ಪಾಲಿನ ಆಸುಪಾಸು ಮಾತ್ರ ವಿದ್ಯುತ್ತಾಗುತ್ತದೆ. ಕಲ್ಲಿದ್ದಲಿನ ಉಗಿಯ ಬಿಸಿ 500 ಡಿಗ್ರಿ ದಾಟಿರುತ್ತದೆ, 140 ಡಿಗ್ರಿಗೆ ಆ ಕಸುವಿಲ್ಲ. ಅದೇ ನೀರನ್ನು ಮನೆಗಳಿಗೆ ಕೊಳವೆಯಲ್ಲಿ ಹರಿಸಿ ಕೋಣೆ ಬಿಸಿ ಮಾಡಿದರೆ ಬಹುಪಾಲು ಶಾಖ ಕೆಲಸಕ್ಕೆ ಬರುತ್ತದೆ. ಮ್ಯೂನಿಕ್‌ಗೆ ಈ ಕೊಳವೆ ಜಾಲ ಮೊದಲೇ ಇತ್ತು. 2040ರ ಹೊತ್ತಿಗೆ ಅದನ್ನು ಇಂಗಾಲಮುಕ್ತ ಮಾಡುವ ಗುರಿಯನ್ನೂ ನಗರ ಕಂಪನಿ ಇಟ್ಟುಕೊಂಡಿದೆ.

ಹಾಗಾಗಿ ಭೂಶಾಖದಿಂದ ವಿದ್ಯುತ್ ತಯಾರಿಸುತ್ತಿದ್ದ ಡ್ಯೂರ್ನ್‌ಹಾರ್, ಕಿರ್ಖ್‌ಸ್ಟಾಕಾಖ್ ಸ್ಥಾವರಗಳನ್ನು ಅದು ಕೊಂಡು, ಅವುಗಳ ಶಾಖವನ್ನು ನಗರದ ಕೊಳವೆಗಳಿಗೆ ತಿರುಗಿಸುವ ಯೋಜನೆ ಹಾಕಿತು. ಹಾಗೆ ಮಾಡಿದಷ್ಟೂ ಹಸಿರು ವಿದ್ಯುತ್ತಿನ ಪಟ್ಟಿಯಿಂದ ಒಂದಿಷ್ಟು ಯೂನಿಟ್ ಕಡಿಮೆಯಾಗುತ್ತದೆ. ಬದಲಿಗೆ, ಇಷ್ಟು ದಿನ ಊರಿಗೆ ಶಾಖ ಕೊಡಲೆಂದೂ ಉರಿಯಬೇಕಿದ್ದ ಉಷ್ಣ ಸ್ಥಾವರಗಳು ಜನವರಿಯ ಅದೇ ಸಂಜೆ ಅಷ್ಟರಮಟ್ಟಿಗೆ ಕಡಿಮೆ ಉರಿಯುತ್ತವೆ.