ಲೇಪನ ಇರುವುದು ಗ್ರಾಫ್ಟಿಗೆ, ಅಭಿಧಮನಿಗಲ್ಲ

‘ಹೆಪಾರಿನ್ ಕೋಟಿಂಗ್ ಇರೋದನ್ನೇ ಹಾಕಿಬಿಡಿ ಸಾರ್, ದುಡ್ಡು ಜಾಸ್ತಿಯಾದ್ರೂ ಪರವಾಗಿಲ್ಲ, ಮತ್ತೆ ಕಟ್ಕೊಳ್ಬಾರ್ದು.’ ಡಯಾಲಿಸಿಸ್‌ಗಾಗಿ ತೋಳಿನ ಅಪಧಮನಿ, ಅಭಿಧಮನಿಗಳನ್ನು ನೇರವಾಗಿ ಜೋಡಿಸುವುದು ಫಿಸ್ಟುಲಾ. ಅದಕ್ಕೆ ಸರಿಯಾದ ಅಭಿಧಮನಿ ಸಿಗದೆ ಎರಡರ ನಡುವೆ ಕೃತಕ ಕೊಳವೆ, ಅಂದರೆ ಗ್ರಾಫ್ಟ್, ಹಾಕಬೇಕಾದಾಗ ಮನೆಯವರು ಆಡುವ ಮಾತು ಇದು. ಹೆಪಾರಿನ್ ಎಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ. ಹಾಕಬಾರದು ಎನ್ನುತ್ತಿಲ್ಲ. ಆದರೆ ‘ಕಟ್ಕೊಳ್ಳಲ್ಲ’ ಎಂಬ ಖಾತರಿ ಆ ಲೇಪನದ ಜೊತೆ ಬರುವುದಿಲ್ಲ. ಬರುತ್ತದೆ ಎಂದು ನಂಬಿದವರು ಕೈ ಮುಟ್ಟಿ ನೋಡಿಕೊಳ್ಳುವುದನ್ನೇ ಬಿಟ್ಟುಬಿಡುತ್ತಾರೆ.

ಡಯಾಲಿಸಿಸ್‌ಗೆ ಬಳಸುವ ಗ್ರಾಫ್ಟ್ ಬಹುಪಾಲು ಇ-ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ಕಿನ ಕೊಳವೆ, ಸಾಮಾನ್ಯವಾಗಿ 6 ಮಿ.ಮೀ. ಒಳವ್ಯಾಸದ್ದು. ರಕ್ತ ಅದನ್ನು ಮುಟ್ಟಿದ ಕೆಲವೇ ಸೆಕೆಂಡುಗಳಲ್ಲಿ ಫೈಬ್ರಿನೋಜನ್‌ನಂಥ ಪ್ರೋಟೀನುಗಳು ಗೋಡೆಗೆ ಅಂಟುತ್ತವೆ, ಅವುಗಳ ಮೇಲೆ ಪ್ಲೇಟ್‌ಲೆಟ್‌ಗಳು. ಲೇಪನ ತಡೆಯಲು ಹೊರಟಿರುವುದು ಇದನ್ನು. ಒಳ್ಳೆಯ ಲೇಪನದಲ್ಲಿ ಹೆಪಾರಿನ್ ಸರಪಳಿಯ ಒಂದು ತುದಿ ಮಾತ್ರ ಗೋಡೆಗೆ ರಾಸಾಯನಿಕವಾಗಿ ಬೆಸೆದಿರುತ್ತದೆ. ಉಳಿದ ಭಾಗ ಹರಿಯುವ ರಕ್ತದಲ್ಲಿ ಓಲಾಡುತ್ತಾ ಆಂಟಿಥ್ರಾಂಬಿನ್ ಎಂಬ ಪ್ರೋಟೀನನ್ನು ಹಿಡಿಯುತ್ತದೆ. ಆ ಆಂಟಿಥ್ರಾಂಬಿನ್, ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ನನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ, ಜೋಡಿ ರಕ್ತದೊಡನೆ ಕೊಚ್ಚಿಹೋಗುತ್ತದೆ, ಹೆಪಾರಿನ್ ಮಾತ್ರ ಅಲ್ಲೇ ಉಳಿದು ಮುಂದಿನದಕ್ಕೆ ಕಾಯುತ್ತದೆ. ಅದು ರಕ್ತದಲ್ಲಿ ಕರಗಿ ಮೈಯೆಲ್ಲ ಸುತ್ತುವುದಿಲ್ಲ. ಹಾಗಾಗಿ ‘ಹೇಗೂ ಕೋಟಿಂಗ್ ಇದೆ’ ಎಂದು ಡಯಾಲಿಸಿಸ್ ವೇಳೆಯ ಹೆಪಾರಿನ್ ಡೋಸನ್ನು ಯಾರೂ ತಾವಾಗಿ ಇಳಿಸಬಾರದು. ಅದು ನೆಫ್ರಾಲಜಿಸ್ಟ್ (ಮೂತ್ರಪಿಂಡ ತಜ್ಞರ) ತೀರ್ಮಾನ.

ಗ್ರಾಫ್ಟುಗಳು ಸಾಮಾನ್ಯವಾಗಿ ಕೆಡುವುದು ಕೊಳವೆಯ ನಡುಭಾಗದಲ್ಲಲ್ಲ. ಕೊಳವೆಯನ್ನು ಅಭಿಧಮನಿಗೆ ಹೊಲಿದ ಕಡೆ, ಆ ಹೊಲಿಗೆಯ ಆಚೆಗಿನ ಒಂದೆರಡು ಸೆಂಟಿಮೀಟರಿನಲ್ಲಿ. ಅಭಿಧಮನಿ ಕಡಿಮೆ ಒತ್ತಡಕ್ಕೆ ಹುಟ್ಟಿದ ತೆಳುಗೋಡೆಯ ನಾಳ. ಅದಕ್ಕೆ ದಿಢೀರನೆ ಅಪಧಮನಿಯ ರಭಸ ಬಡಿಯುತ್ತದೆ. ಗಡುಸು ಕೊಳವೆ, ಮೆತ್ತನೆಯ ನಾಳ ಸೇರುವಲ್ಲಿ ಸುಳಿ ಏಳುತ್ತದೆ. ಗೋಡೆಯ ಸ್ನಾಯುಕೋಶಗಳು ಒಳಮುಖವಾಗಿ ಸರಿದು ಬೆಳೆಯುತ್ತವೆ, ತಿಂಗಳುಗಳಲ್ಲಿ ದಾರಿ ಕಿರಿದಾಗುತ್ತದೆ. ಹರಿವು ನಿಧಾನವಾದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪು ಕೊನೆಯ ಘಟನೆ, ರೋಗ ಆ ಕಿರಿದಾದ ಜಾಗದಲ್ಲಿದೆ. ಚರಂಡಿಯ ಒಳಗೋಡೆಗೆ ಎಷ್ಟು ನುಣ್ಣಗೆ ಗಾರೆ ಮಾಡಿದರೂ ಮುಂದಿನ ಮೋರಿ ಕಟ್ಟಿದ್ದರೆ ನೀರು ನಿಂತೇ ನಿಲ್ಲುತ್ತದೆ.

ಲೇಪನ ಆರಂಭದ ದಿನಗಳ ಹೆಪ್ಪನ್ನು ಕಡಿಮೆ ಮಾಡಬಹುದು. ದೀರ್ಘಕಾಲದ ಲಾಭದ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳಿಲ್ಲ. ಮಾತ್ರೆಗಳ ಕಥೆಯೂ ದೊಡ್ಡದೇನಲ್ಲ. 2009ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಪ್ಲೇಟ್‌ಲೆಟ್‌ಗಳು ಅಂಟದಂತೆ ತಡೆಯುವ ಡೈಪಿರಿಡಮೋಲ್ ಮತ್ತು ಆಸ್ಪಿರಿನ್ ಕೊಟ್ಟವರಲ್ಲಿ ವರ್ಷದ ಕೊನೆಗೆ ಯಾವ ಚಿಕಿತ್ಸೆಯೂ ಬೇಕಾಗದೆ ಉಳಿದ ಗ್ರಾಫ್ಟುಗಳು 28%, ಕೊಡದವರಲ್ಲಿ 23%. ವ್ಯತ್ಯಾಸ ಇದೆ, ಇಷ್ಟೇ ಇದೆ.

ಇನ್ನು ಸೂಜಿ. ವಾರಕ್ಕೆ ಮೂರು ಡಯಾಲಿಸಿಸ್, ಪ್ರತಿ ಸಲ ಎರಡು ಸೂಜಿ: ವರ್ಷಕ್ಕೆ 312 ತೂತು. ಇ-ಪಿಟಿಎಫ್‌ಇ ಚರ್ಮದಂತೆ ಮಾಯುವುದಿಲ್ಲ. ತೂತನ್ನು ಹೆಪ್ಪು, ಆಮೇಲೆ ಸುತ್ತಲ ಅಂಗಾಂಶ ಮುಚ್ಚಬೇಕು. ‘ಇಲ್ಲಿ ಚುಚ್ಚಿದ್ರೆ ನೋಯಲ್ಲ ಸಿಸ್ಟರ್’ ಎಂದು ಒಂದೇ ಜಾಗ ತೋರಿಸುತ್ತಾ ಹೋದರೆ ಅಲ್ಲಿ ಗೋಡೆ ಜಾಳಾಗಿ ಉಬ್ಬು ಏಳುತ್ತದೆ. ಸೂಜಿ ಜಾಗ ಏಣಿಯ ಮೆಟ್ಟಿಲಿನಂತೆ ಸರಿಯುತ್ತಿರಬೇಕು. ಫಿಸ್ಟುಲಾಕ್ಕೆ ಮಾಡುವ ಬಟನ್‌ಹೋಲ್ ವಿಧಾನ (ಪ್ರತಿ ಸಲವೂ ಅದೇ ತೂತಿನಲ್ಲಿ ಸೂಜಿ ಹಾಕುವುದು) ಗ್ರಾಫ್ಟಿಗೆ ಸಲ್ಲ. ಸೂಜಿ ತೆಗೆದ ಮೇಲೆ ಎರಡು ಬೆರಳಲ್ಲಿ 10ರಿಂದ 15 ನಿಮಿಷ ಒತ್ತಿ ಹಿಡಿಯಿರಿ, ಆದರೆ ಕಂಪನ ಪೂರ್ತಿ ನಿಲ್ಲುವಷ್ಟಲ್ಲ. ಬಿಗಿ ಪಟ್ಟಿ ಕಟ್ಟಿಕೊಂಡು ಬಸ್ಸಿನಲ್ಲಿ ನಿದ್ದೆ ಹೋಗಿ, ಮನೆಗೆ ಬರುವಷ್ಟರಲ್ಲಿ ಗ್ರಾಫ್ಟ್ ನಿಲ್ಲಿಸಿಕೊಂಡವರು ಇದ್ದಾರೆ.

ದಿನಾ ಬೆಳಿಗ್ಗೆ ಬೆರಳಿಟ್ಟು ನೋಡಿ: ‘ಝುಂ’ ಎನ್ನುವ ಕಂಪನ ಇರಬೇಕು. ಅದು ಬರೀ ನಾಡಿಯಂತೆ ಬಡಿಯತೊಡಗಿದರೆ, ಸೂಜಿ ತೆಗೆದ ಮೇಲೆ ರಕ್ತ ಎಂದಿಗಿಂತ ಹೆಚ್ಚು ಹೊತ್ತು ನಿಲ್ಲದಿದ್ದರೆ, ತೋಳು ಊದಿದರೆ, ಯಂತ್ರದಲ್ಲಿ ವೀನಸ್ ಪ್ರೆಷರ್ (ರಕ್ತ ಮೈಗೆ ಮರಳುವ ಕಡೆಯ ಒತ್ತಡ) ಸರದಿಯಿಂದ ಸರದಿಗೆ ಏರುತ್ತಿದ್ದರೆ, ಹೊಲಿಗೆಯ ಕಡೆ ಕಿರಿದಾಗಿದೆ ಎಂಬ ಅನುಮಾನ. ಗ್ರಾಫ್ಟಿನ ಹರಿವು ನಿಮಿಷಕ್ಕೆ 600 ಎಂ.ಎಲ್.ಗಿಂತ ಇಳಿದರೂ ಹಾಗೇ. ಈ ಹಂತದಲ್ಲಿ ಬಲೂನಿನಿಂದ ಹಿಗ್ಗಿಸಬಹುದು, ಕೆಲವರಿಗೆ ಕವರ್ ಇರುವ ಸ್ಟೆಂಟ್ (ದಾರಿ ತೆರೆದಿಡುವ ಜಾಲರಿ ಕೊಳವೆ) ಬೇಕಾದೀತು. ಕಂಪನ ಪೂರ್ತಿ ನಿಂತಿದ್ದರೆ ಅಂದೇ ಬನ್ನಿ. ‘ನಾಡಿದ್ದು ಹೇಗೂ ಡಯಾಲಿಸಿಸ್ ಇದೆ, ಆಗ ಹೇಳೋಣ’ ಎನ್ನಬೇಡಿ, ಎಣ್ಣೆ ಹಚ್ಚಿ ನೀವಬೇಡಿ. ಹೆಪ್ಪು ಹಳತಾದಷ್ಟೂ ತೆಗೆಯುವುದು ಕಷ್ಟ. ತೆಗೆದ ಮೇಲೂ ಆ ಕಿರಿದಾದ ಜಾಗ ಸರಿಮಾಡದಿದ್ದರೆ ಬೇಗನೆ ಮತ್ತೆ ಕಟ್ಟುತ್ತದೆ.

ಲೇಪನದ ಗ್ರಾಫ್ಟ್ ಕೇಳುವ ಮುನ್ನ ಹಳೆಯ ಡಿಸ್ಚಾರ್ಜ್ ಸಮರಿಗಳನ್ನು ತನ್ನಿ. ಹಿಂದೆ ಎಂದಾದರೂ ಹೆಪಾರಿನ್ ಕೊಟ್ಟ ಮೇಲೆ ಪ್ಲೇಟ್‌ಲೆಟ್ ಕುಸಿದು, ಅದಕ್ಕೆ ಹೆಪಾರಿನ್ನೇ ಕಾರಣ ಎಂದು ಬರೆದಿದ್ದರೆ ನಿಮಗೆ ಹೆಪಾರಿನ್ ಲೇಪಿತ ಗ್ರಾಫ್ಟ್ ಹಾಕುವಂತಿಲ್ಲ. ಮಾಮೂಲಿ ಇ-ಪಿಟಿಎಫ್‌ಇ ಸಾಕು.