ಸಿಲ್ಕ್: ರೇಷ್ಮೆ ಹೋದರೂ ಉಳಿದ ಹೆಸರು

ಇಂಗ್ಲಿಷಿನ 'ಸಿಲ್ಕ್' ಪದಕ್ಕೆ ಯಾವ ನಿಘಂಟು ತೆರೆದರೂ ಮೊದಲು ಸಿಗುವ ಕನ್ನಡ ಅರ್ಥ 'ರೇಷ್ಮೆ'. ಅರ್ಥವೇನೋ ಸರಿಯಾದದ್ದೇ. ಆದರೆ ಇಂಗ್ಲಿಷ್ ಬರಹದಲ್ಲಿ ಈ ಪದ ಎದುರಾದಾಗಲೆಲ್ಲ ರೇಷ್ಮೆ ಎಂದೇ ಓದಿಕೊಂಡು ಮುಂದೆ ಸಾಗುವವರು ಎಡವುವುದುಂಟು. ಒಂದು ಕಾಲದಲ್ಲಿ ರೇಷ್ಮೆಯಿಂದ ಮಾಡುತ್ತಿದ್ದ ಹಲವು ವಸ್ತುಗಳು ಮುಂದೆ ನೈಲಾನಿಗೋ ಪಾಲಿಯೆಸ್ಟರಿಗೋ ಬದಲಾದರೂ ಇಂಗ್ಲಿಷ್ ಅವುಗಳ ಹಳೆಯ ಹೆಸರನ್ನು ಕೈಬಿಟ್ಟಿಲ್ಲ. ಒಂದು ಕಡೆಯಂತೂ ಬಟ್ಟೆಯ ಹೆಸರು ಅದನ್ನು ತೊಟ್ಟ ಮನುಷ್ಯನಿಗೇ ಅಂಟಿಕೊಂಡಿದೆ. ಎಲ್ಲಿ ಯಾವ ಅರ್ಥ ಎಂಬುದನ್ನು ಬಹುಪಾಲು ಆ ವಾಕ್ಯದ ವ್ಯಾಕರಣವೇ ಹೇಳಿಬಿಡುತ್ತದೆ.

ಪದದ ಮೂಲಾರ್ಥ ಒಂದು ಎಳೆಗೆ ಸೇರಿದ್ದು. ಬಾಂಬಿಕ್ಸ್ ಮೋರಿ ಎಂಬ ಪತಂಗದ ಮರಿಹುಳು ಗೂಡು ಕಟ್ಟಲು ಬಾಯಿಂದ ಹೊರಬಿಡುವ ಆ ಎಳೆಯ ಒಳಭಾಗ ಫೈಬ್ರಾಯಿನ್ ಎಂಬ ಪ್ರೋಟೀನು, ಅದನ್ನು ಸುತ್ತಿ ಅಂಟಿಸುವ ಹೊರಪದರ ಸೆರಿಸಿನ್. ಒಂದೇ ಗೂಡಿನಿಂದ ಹಲವು ನೂರು ಮೀಟರುಗಳ ಅಖಂಡ ಎಳೆ ಬಿಚ್ಚಿಕೊಳ್ಳುತ್ತದೆ. ಈ ಎಳೆ, ಇದರಿಂದಾದ ನೂಲು, ಆ ನೂಲಿನಿಂದ ನೇಯ್ದ ಬಟ್ಟೆ, ಮೂರಕ್ಕೂ ಇಂಗ್ಲಿಷಿನಲ್ಲಿ ಸಿಲ್ಕ್ ಎಂದೇ ಹೆಸರು. ಜೇಡ ಹೊರಬಿಡುವ ನೂಲಿಗೂ ಇದೇ ಪದ ಸಲ್ಲುತ್ತದೆ. ಕನ್ನಡದಲ್ಲಿ ಅದನ್ನು ಜೇಡರ ನೂಲು ಎನ್ನುತ್ತೇವೆಯೇ ಹೊರತು ರೇಷ್ಮೆ ಎನ್ನುವ ರೂಢಿ ಕಡಿಮೆ. ಈ ಅರ್ಥದಲ್ಲಿ ಸಿಲ್ಕ್ ಎಂಬುದು ನೀರು, ಮರಳುಗಳಂತೆ ಎಣಿಕೆಗೆ ಸಿಗದ ದ್ರವ್ಯವಾಚಕ. ಅದರ ಹಿಂದೆ 'ಎ' ಎಂಬ ಉಪಪದ ಬರುವುದಿಲ್ಲ, ಮುಂದೆ ಬಹುವಚನದ 'ಎಸ್' ಸೇರುವುದಿಲ್ಲ. ಬಟ್ಟೆಯನ್ನು ಎಣಿಸಿ ಹೇಳಲೇಬೇಕಾದರೆ 'ಎ ಪೀಸ್ ಆಫ್ ಸಿಲ್ಕ್' ಎಂಬಂತಹ ಸುತ್ತುದಾರಿ ಹಿಡಿಯಬೇಕು.

ಪದ ಇಂಗ್ಲಿಷಿಗೆ ಬಂದ ದಾರಿಯೂ ಉದ್ದವಾದದ್ದು. ಹಳೆಯ ಇಂಗ್ಲಿಷಿನಲ್ಲಿ ಇದು 'ಸಿಯೊಲೊಕ್' ಎಂಬಂತೆ ಕಾಣಿಸುತ್ತದೆ. ಪೂರ್ವದಲ್ಲಿ ಈ ಬಟ್ಟೆ ತಯಾರಿಸುತ್ತಿದ್ದ ಜನರನ್ನು ಗ್ರೀಕರು 'ಸೇರೆಸ್' ಎಂದು ಕರೆಯುತ್ತಿದ್ದರು, ಅದರಿಂದ ಲ್ಯಾಟಿನ್ನಿನ 'ಸೆರಿಕುಂ' ಬಂತು. ರೇಷ್ಮೆ ಕೃಷಿಗೆ ಇಂಗ್ಲಿಷಿನಲ್ಲಿರುವ 'ಸೆರಿಕಲ್ಚರ್', ಮೇಲೆ ಹೇಳಿದ 'ಸೆರಿಸಿನ್' ಈ ಲ್ಯಾಟಿನ್ ಪದದ ನೇರ ಸಂತಾನ. ಅಲ್ಲಿನ 'ರ'ಕಾರ ಸಿಲ್ಕ್ ಪದದಲ್ಲಿ 'ಲ'ಕಾರವಾದದ್ದು ಹೇಗೆ ಎಂಬ ಪ್ರಶ್ನೆಗೆ, ಪದವು ಬಾಲ್ಟಿಕ್ ಅಥವಾ ಸ್ಲಾವಿಕ್ ಭಾಷೆಗಳ ಮೂಲಕ ಉತ್ತರದ ವ್ಯಾಪಾರದ ದಾರಿಯಲ್ಲಿ ಬಂದಿರಬೇಕು ಎಂಬ ವಿವರಣೆಯನ್ನು ಸಾಮಾನ್ಯವಾಗಿ ಕೊಡುತ್ತಾರೆ. ನೆರೆಯ ಫ್ರೆಂಚಿನ 'ಸ್ವಾ', ಜರ್ಮನ್ನಿನ 'ಝೈಡೆ' ಎರಡೂ ಲ್ಯಾಟಿನ್ನಿನಲ್ಲಿ ಬಿರುಗೂದಲನ್ನು ಸೂಚಿಸುವ ಬೇರೆಯೇ ಪದದಿಂದ ಹುಟ್ಟಿದವು ಎಂಬುದನ್ನು ನೆನೆದರೆ, ಇಂಗ್ಲಿಷ್ ಇಲ್ಲಿ ತನ್ನ ಪಕ್ಕದ ಮನೆಯವರನ್ನು ಬಿಟ್ಟು ದೂರದವರಿಂದ ಸಾಲ ತಂದಿದೆ ಎನ್ನಬೇಕು. ನಾವೂ ಅದನ್ನೇ ಮಾಡಿದ್ದೇವೆ. ನಮ್ಮ 'ರೇಷ್ಮೆ' ಪರ್ಶಿಯನ್ ಮೂಲದ್ದು. ಗೂಡಿನಿಂದ ಬಂದದ್ದು ಎಂಬ ಅರ್ಥವನ್ನು ಮೈಯಲ್ಲೇ ಇಟ್ಟುಕೊಂಡಿರುವ ಸಂಸ್ಕೃತದ 'ಕೌಶೇಯ' ಗ್ರಂಥಗಳಲ್ಲೇ ಉಳಿಯಿತು.

ಸಿಲ್ಕ್ ಪದಕ್ಕೆ ಎರಡು ವಿಶೇಷಣ ರೂಪಗಳಿವೆ, ಇವುಗಳ ನಡುವಿನ ಅಂತರವನ್ನು ಗಮನಿಸದಿದ್ದರೆ ಅರ್ಥವೇ ತಪ್ಪುತ್ತದೆ. 'ಸಿಲ್ಕ್ ಸ್ಕಾರ್ಫ್' ಎಂದರೆ ರೇಷ್ಮೆಯಿಂದಲೇ ಆದದ್ದು. ಇಲ್ಲಿ ನಾಮಪದವೇ ವಿಶೇಷಣದ ಕೆಲಸ ಮಾಡುತ್ತಿದೆ. 'ಸಿಲ್ಕಿ ಸ್ಕಾರ್ಫ್' ಎಂದರೆ ಮುಟ್ಟಿದರೆ ರೇಷ್ಮೆಯಂತೆ ನುಣುಪಾಗಿರುವುದು, ಅಷ್ಟೇ. ಅದರಲ್ಲಿ ರೇಷ್ಮೆಯ ಒಂದೆಳೆಯೂ ಇರಬೇಕಾಗಿಲ್ಲ. ಕೂದಲು, ನಾಯಿಯ ತುಪ್ಪಳ, ಸಾಸ್, ಇವೆಲ್ಲ 'ಸಿಲ್ಕಿ' ಆಗಬಲ್ಲವು. ದನಿಗೆ ಈ ವಿಶೇಷಣ ಸೇರಿದಾಗ ಮಾತ್ರ ತುಸು ಎಚ್ಚರ ಬೇಕು, ಏಕೆಂದರೆ 'ಸಿಲ್ಕಿ ವಾಯ್ಸ್' ಕೆಲವೊಮ್ಮೆ ಬರಿಯ ಇಂಪಲ್ಲ, ಎದುರಿಗಿದ್ದವರನ್ನು ಮರುಳುಮಾಡುವ ನಯವೂ ಹೌದು. 'ಸಿಲ್ಕನ್' ಎಂಬ ಇನ್ನೊಂದು ರೂಪ ಎರಡೂ ಅರ್ಥಗಳನ್ನು ಹೊರಬಲ್ಲದು, ಆದರೆ ಅದು ಕಾವ್ಯದ ಮಾತು. ದಿನಬಳಕೆಯ ಇಂಗ್ಲಿಷಿನಲ್ಲಿ ಅಪರೂಪ.

ವ್ಯಾಪಾರದ ಭಾಷೆಯಲ್ಲಿ ಗೊಂದಲಗಳು ಇನ್ನೂ ಹೆಚ್ಚು. 'ಸ್ಯಾಟಿನ್' ಎಂಬುದು ಸಿಲ್ಕಿನ ಪರ್ಯಾಯ ಪದವಲ್ಲ, ನೇಯ್ಗೆಯ ಒಂದು ವಿಧಾನದ ಹೆಸರು. ಪಾಲಿಯೆಸ್ಟರ್ ನೂಲಿನಿಂದಲೂ ಸ್ಯಾಟಿನ್ ನೇಯಬಹುದು. 'ರಾ ಸಿಲ್ಕ್' ಎಂದರೆ ಗೂಡಿನಿಂದ ಬಿಚ್ಚಿದ, ಸೆರಿಸಿನ್ ಅಂಟು ಇನ್ನೂ ತೆಗೆಯದ ಕಚ್ಚಾ ರೇಷ್ಮೆ; ಉಡುಪಿನ ಅಂಗಡಿಗಳವರು ತುಂಡು ಎಳೆಗಳಿಂದ ನೂತ ಒರಟು ಬಟ್ಟೆಗೂ ಅದೇ ಹೆಸರಿಡುತ್ತಾರೆ. 'ಥ್ರೋನ್ ಸಿಲ್ಕ್' ಎಂಬುದನ್ನು ಎಸೆದ ರೇಷ್ಮೆ ಎಂದು ತಿಳಿಯಬಾರದು. ಎಸೆಯುವುದಕ್ಕೆ ಇಂದು ಬಳಸುವ 'ಥ್ರೋ' ಕ್ರಿಯಾಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ತಿರುಚುವುದು, ಹೊಸೆಯುವುದು ಎಂಬ ಅರ್ಥವಿತ್ತು. ಹಾಗಾಗಿ ಅದು ಹುರಿ ಮಾಡಿದ ರೇಷ್ಮೆ. ಎಲ್ಲಕ್ಕಿಂತ ಹೆಚ್ಚು ಮೋಸಗೊಳಿಸುವುದು 'ಆರ್ಟ್ ಸಿಲ್ಕ್'. ಕೇಳಿದವರಿಗೆ ಕಲಾತ್ಮಕ ರೇಷ್ಮೆ ಎನಿಸುವುದು ಸಹಜ, ಮಾರುವವರಿಗೂ ಆ ಅನಿಸಿಕೆಯಿಂದ ನಷ್ಟವೇನಿಲ್ಲ. ಇಲ್ಲಿನ 'ಆರ್ಟ್' ಮಾತ್ರ 'ಆರ್ಟಿಫಿಷಿಯಲ್' ಎಂಬುದರ ಮೊಟಕು. ಮರದ ತಿರುಳಿನಿಂದ ತೆಗೆಯುವ ವಿಸ್ಕೋಸಿನಂತಹ ಕೃತಕ ನೂಲಿಗೆ ಈ ಹೆಸರು ಬಿತ್ತು. ಅಮೆರಿಕದ ಉದ್ಯಮ 1924ರಲ್ಲಿ 'ರೇಯಾನ್' ಎಂಬ ಹೊಸ ಹೆಸರನ್ನು ಒಪ್ಪಿಕೊಂಡದ್ದು ಇದೇ ಕೃತಕ ರೇಷ್ಮೆಗೆ.

ಇನ್ನು ಮನುಷ್ಯನೇ ಸಿಲ್ಕ್ ಆಗುವ ಪ್ರಸಂಗ. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ವಾದಿಸುವ ಬ್ಯಾರಿಸ್ಟರುಗಳಲ್ಲಿ ಹೆಚ್ಚಿನ ಅನುಭವ, ಪ್ರತಿಷ್ಠೆ ಗಳಿಸಿದವರಿಗೆ 'ಕಿಂಗ್ಸ್ ಕೌನ್ಸೆಲ್' ಪದವಿ ದೊರೆಯುತ್ತದೆ. ರಾಣಿ ಸಿಂಹಾಸನದಲ್ಲಿದ್ದರೆ ಅದೇ 'ಕ್ವೀನ್ಸ್ ಕೌನ್ಸೆಲ್', 2022ರಲ್ಲಿ ರಾಣಿ ತೀರಿಕೊಂಡಾಗ ಈ ಪದವಿಯ ಹೆಸರು ಹಾಗೆಯೇ ಬದಲಾಯಿತು. ಈ ಪದವಿ ಪಡೆದವರು ರೇಷ್ಮೆಯ ನಿಲುವಂಗಿ ತೊಡುವುದು ಸಂಪ್ರದಾಯ, ಉಳಿದವರದು ಸಾದಾ ಬಟ್ಟೆಯದು. ಆದ್ದರಿಂದ ಪದವಿ ಪಡೆಯುವುದಕ್ಕೆ 'ಟೇಕ್ ಸಿಲ್ಕ್' ಎಂಬ ನುಡಿಗಟ್ಟೂ, ಪಡೆದವರಿಗೆ 'ಎ ಸಿಲ್ಕ್' ಎಂಬ ಹೆಸರೂ ಹುಟ್ಟಿದವು. ಹೆಲೆನಾ ನಾರ್ಮಂಟನ್ ಮತ್ತು ರೋಸ್ ಹೈಲ್‌ಬ್ರಾನ್ 1949ರಲ್ಲಿ ಸಿಲ್ಕ್ ತೆಗೆದುಕೊಂಡರು ಎಂದು ಓದಿದರೆ, ಇಂಗ್ಲೆಂಡಿನಲ್ಲಿ ಆ ಪದವಿಗೇರಿದ ಮೊದಲ ಮಹಿಳೆಯರು ಅವರೆಂದು ತಿಳಿಯಬೇಕು. ಎಣಿಕೆಗೆ ಸಿಗದ ಸಿಲ್ಕ್ ಪದದ ಹಿಂದೆ ಇದ್ದಕ್ಕಿದ್ದಂತೆ 'ಎ' ಕಾಣಿಸಿಕೊಂಡರೆ ಅಲ್ಲಿ ಬಟ್ಟೆಯ ಬದಲು ವಕೀಲರೊಬ್ಬರು ನಿಂತಿರುವ ಸಾಧ್ಯತೆಯೇ ಹೆಚ್ಚು.

ಬಹುವಚನದ 'ಸಿಲ್ಕ್ಸ್' ಬೇರೆ ಕಥೆ. ಬಗೆಬಗೆಯ ರೇಷ್ಮೆ ಬಟ್ಟೆಗಳು ಎಂಬ ಸಾಮಾನ್ಯ ಅರ್ಥವನ್ನು ಬಿಟ್ಟರೆ, ಕುದುರೆ ಪಂದ್ಯದಲ್ಲಿ ಸವಾರರು ತೊಡುವ, ಕುದುರೆಯ ಮಾಲೀಕರನ್ನು ಗುರುತಿಸುವ ಬಣ್ಣಬಣ್ಣದ ಅಂಗಿಗೆ ಈ ಹೆಸರಿದೆ. ಆ ಅಂಗಿ ಇಂದು ಸಾಮಾನ್ಯವಾಗಿ ಕೃತಕ ನೂಲಿನದು. 'ಸಿಲ್ಕ್ ಸ್ಕ್ರೀನ್' ಮುದ್ರಣದ ಜಾಲರಿಯೂ ಈಗ ಪಾಲಿಯೆಸ್ಟರಿನದು. ಹಾರಾಡುತ್ತಿರುವ ವಿಮಾನದಿಂದ ಧುಮುಕುವುದನ್ನು ಅಮೆರಿಕದ ಸೈನಿಕರು 'ಹಿಟ್ ದ ಸಿಲ್ಕ್' ಎನ್ನುತ್ತಿದ್ದರು, ಆಗ ಪ್ಯಾರಾಶೂಟುಗಳು ರೇಷ್ಮೆಯವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೈಲಾನ್ ಆ ಜಾಗಕ್ಕೆ ಬಂದರೂ ಮಾತು ಬದಲಾಗಲಿಲ್ಲ. ಪ್ಯಾರಾಶೂಟಿನಿಂದ ಜೀವ ಉಳಿಸಿಕೊಂಡವರಿಗಾಗಿ 1922ರಲ್ಲಿ ಹುಟ್ಟಿದ ಸಂಘಕ್ಕೆ 'ಕ್ಯಾಟರ್‌ಪಿಲ್ಲರ್ ಕ್ಲಬ್' ಎಂದು ಹೆಸರಿಟ್ಟವರು ನೂಲು ಕೊಟ್ಟ ಹುಳುವನ್ನೇ ನೆನೆದಿದ್ದರು.

ಮುಸುಕಿನ ಜೋಳದ ತೆನೆಯ ತುದಿಯಲ್ಲಿ ಜೋತಾಡುವ ಕೂದಲಿಗೂ ಇಂಗ್ಲಿಷಿನಲ್ಲಿ ಸಿಲ್ಕ್ ಎನ್ನುತ್ತಾರೆ. ಒಂದೊಂದು ಎಳೆಯೂ ಒಂದೊಂದು ಕಾಳಾಗಬೇಕಾದ ಅಂಡಕ್ಕೆ ಪರಾಗವನ್ನು ತಲುಪಿಸುವ ದಾರಿ. ಕೃಷಿ ವಿಜ್ಞಾನದಲ್ಲಿ ಇದು ಕ್ರಿಯಾಪದವಾಗಿಯೂ ದುಡಿಯುತ್ತದೆ: ಜೋಳ 'ಸಿಲ್ಕಿಂಗ್' ಹಂತದಲ್ಲಿದೆ ಎಂದರೆ ತೆನೆಗೆ ಕೂದಲು ಬಂದಿದೆ ಎಂದರ್ಥ.

ಗಾದೆಗಳಲ್ಲಿ ಹೆಚ್ಚು ಕೇಳಿಬರುವುದು, ಹಂದಿಯ ಕಿವಿಯಿಂದ ರೇಷ್ಮೆಯ ಹಣದ ಚೀಲ ಹೊಲಿಯಲಾಗದು ಎಂಬರ್ಥದ ಮಾತು. ಮೂಲದ್ರವ್ಯವೇ ಹೀನವಾಗಿದ್ದರೆ ಒಳ್ಳೆಯ ವಸ್ತು ಆಗದು ಎಂಬುದಕ್ಕೆ ಅದನ್ನು ಬಳಸುತ್ತಾರೆ. ಅಮೆರಿಕದ ರಸಾಯನಶಾಸ್ತ್ರಜ್ಞ ಆರ್ಥರ್ ಡಿ. ಲಿಟಲ್ 1921ರಲ್ಲಿ ಈ ಗಾದೆಯನ್ನೇ ಸವಾಲಾಗಿ ತೆಗೆದುಕೊಂಡು, ಹಂದಿಯ ಕಿವಿಗಳಿಂದ ಅಂಟು ತೆಗೆಸಿ, ಅದನ್ನು ಎಳೆಯಾಗಿಸಿ ಪುಟ್ಟ ಚೀಲವೊಂದನ್ನು ನೇಯಿಸಿಯೇಬಿಟ್ಟರು. ಹುಳುವಿನ ನೂಲು ಒಂದಿಷ್ಟೂ ಇಲ್ಲದ ಆ ಚೀಲವನ್ನೂ ಇಂಗ್ಲಿಷಿನವರು ಸಿಲ್ಕ್ ಪರ್ಸ್ ಎಂದೇ ಕರೆಯುತ್ತಾರೆ.